ಖಂಡೇಪೂಜೆಗೆ ಕುಳಿತ ಕ್ಲ್ಯಾಂಪುಗಳು

ಹೋದ ಸಲ ಹುಬ್ಬಳ್ಳಿಯಿಂದ ಬಂದಿದ್ದಾಗ ವೀರಭದ್ರಪ್ಪ ಮಾವನವರು, ಅಳಿಯ ಸಂಗಮೇಶ ಕೈಯಾರೆ ಮಾಡಿದ ಸ್ಟೂಲಿನ ಮೇಲೆ ಹೋಳಿಗೆ ತಟ್ಟೆ ಹಿಡಿದು ಕುಳಿತರು. ಕುಳಿತವರು ಹಾಗೇ ನೆಲ ಸೇರಿದರು. ತಟ್ಟೆ ಮಾತ್ರ ಬಿಡಲಿಲ್ಲ, ಆ ಮಾತು ಬೇರೆ. ಇಡೀ ಹೈಸ್ಕೂಲಿಗೆ ಬಸ್ಕಿ ಹೊಡೆಸಿದ ಡ್ರಿಲ್ ಮಾಸ್ತರರು ಅಂದಿನಿಂದ ನಾರ್ತ್‌ರಿಜ್‌ನ ಮಗಳು-ಅಳಿಯನ ಮನೆಯಲ್ಲಿ ಯಾವ ಕುರ್ಚಿ ಕಂಡರೂ ಮೊದಲು ಅಲುಗಾಡಿಸಿ, "ಇದು ಅಂಗಡೀದೋ, ನಮ್ಮ ಅಳಿಯಂದೋ?" ಎಂದು ಕೇಳಿಯೇ ಕೂರುವುದು. ಕೇಳಿದಾಗಲೆಲ್ಲ ಸಂಗಮೇಶನಿಗೆ ಮೈ ಉರಿಯುತ್ತಿತ್ತು.

ತಪ್ಪು ಅವನದೇ ಅನ್ನಿ. ಸ್ಟೂಲಿಗೆ ಅಂಟು ಹಚ್ಚಿ, ಸಂದು ಒತ್ತಿ ಹಿಡಿಯಲು ಒಂದೇ ಒಂದು ಕ್ಲ್ಯಾಂಪ್ ಬಿಗಿದು, ಚಹಾ ಕುಡಿದು ಬಂದು ಬಿಚ್ಚಿಬಿಟ್ಟಿದ್ದ. ಮರದ ಅಂಟು ಚಹಾಕ್ಕೆ ಕಾಯುತ್ತದೆಯೇ?

ಈ ಸಲ ಮಾವನಿಗೆ ಅರವತ್ತು. ದಸರೆಯ ದಿನ ಸ್ಯಾನ್ ಡಿಯಾಗೋದಲ್ಲಿ ಮಗ ಓಂಪ್ರಕಾಶನ ಮನೆಯಲ್ಲಿ ಶಾಂತಿ. "ಮಾವ ಅತ್ತಿ ಕೂಡೋ ಮಣಿ ನಾನ ಮಾಡ್ತೀನಿ" ಎಂದು ಸಂಗಮೇಶ ವಾಟ್ಸಾಪ್ ಗುಂಪಿನಲ್ಲಿ ಸಾರಿಬಿಟ್ಟ. "ಇನ್ಶೂರೆನ್ಸ್ ಮಾಡಿಸೇನಿ" ಎಂದು ಮಾವ ಉತ್ತರಿಸಿದರು.

ಮಾನ ಉಳಿಯಬೇಕಾದರೆ ಈ ಮಣೆ ಉಳಿಯಬೇಕು. ಅಂಗಡಿಯಲ್ಲಿ ಒಂದೊಂದು ಕ್ಲ್ಯಾಂಪನ್ನೂ ತಿರುಗಿಸಿ ನೋಡಿದ. ಬಟ್ಟೆ ಕ್ಲಿಪ್ಪಿನಂಥ ಚಿಕ್ಕವು ಬೇಡವೆಂದು ಬಿಟ್ಟು, ತಿರುಪು ತಿರುವಿದರೆ ಕಚ್ಚಿ ಹಿಡಿಯುವ, ಮಣೆಯ ಅಗಲಕ್ಕಿಂತ ಉದ್ದದ ಕಬ್ಬಿಣದವನ್ನು ಆರು ತಂದ. ಆದರೂ ಎಲ್ಲವನ್ನೂ ಕೊನೆಯ ದಿನಕ್ಕೆ ಇಟ್ಟುಕೊಳ್ಳುವ ಜಾಯಮಾನ ಎಲ್ಲಿ ಹೋಗಬೇಕು! ಮಾವ ಅತ್ತೆ ಆಗಲೇ ಹುಬ್ಬಳ್ಳಿಯಿಂದ ಬಂದಿಳಿದಿದ್ದರು. ದಸರೆಯ ಹಿಂದಿನ ದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಮೂರು ಹಲಗೆಗಳ ಅಂಚಿಗೆ ಅಂಟು ಬಳಿದು, ಹಲಗೆ ಮೇಲೆದ್ದು ಬಾಗದಂತೆ ಮೂರು ಕ್ಲ್ಯಾಂಪ್ ಮೇಲೆ, ಮೂರು ಕೆಳಗೆ ಬಿಗಿದು, ಸ್ನಾನಕ್ಕೆ ಹೋದ.

ಬಂದು ನೋಡಿದರೆ ಹಲಗೆಗಳು ಮೂರು ದಿಕ್ಕಿಗೆ. ಕ್ಲ್ಯಾಂಪುಗಳು ಕೆಂಪು ಬಟ್ಟೆಯ ಮೇಲೆ ಸಾಲಾಗಿ, ವಿಭೂತಿ ಬಳಿದುಕೊಂಡು, ಚೆಂಡುಹೂ ಮುಡಿದು ಕುಳಿತಿದ್ದವು.

"ಅಯ್ಯಯ್ಯೋ! ಅತ್ತ್ಯಾರ, ಏನ್ರೀ ಇದು?"

"ಇವತ್ತ ಖಂಡೇಪೂಜಿ ಅಲ್ಲೇನ್ರೀ ಅಳಿಯಂದ್ರ?" ಎಂದರು ಅತ್ತೆ ಗುರುಬಸವ್ವ, ಕೈ ಒರೆಸಿಕೊಳ್ಳುತ್ತ. "ಕಬ್ಬಿಣದ ಸಾಮಾನ ಎಲ್ಲಾ ಪೂಜಿಗೆ ಇಡಬೇಕಲ್ಲ? ಎಲ್ಲಾ ಅಂಟಂಟ ಆಗಿದ್ವು. ಹುಣಸೇಹಣ್ಣ ಹಚ್ಚಿ ತಿಕ್ಕೀನಿ."

"ಅವು ಹಲಗಿ ಹಿಡಕೊಂಡಿದ್ವಲ್ರೀ!"

"ವರ್ಷಕ್ಕೊಮ್ಮೆ ಅವಕ್ಕೂ ಸೂಟಿ ಬ್ಯಾಡೇನು? ಪೂಜಿಗೆ ಇಟ್ಟಿದ್ದು ನಾಳಿತನಾ ಮುಟ್ಟೂ ಹಂಗಿಲ್ಲ ನೋಡ್ರಿ."

ಬಾಗಿಲಲ್ಲಿ ಹೆಂಡತಿ ಸೌಜನ್ಯಾ ಹೊಟ್ಟೆ ಹಿಡಿದು ನಗುತ್ತಿದ್ದಳು. ಸಂಗಮೇಶನಿಗೆ ಅಳುವೇ ಬಂತು. ಅಂಟು ಒಣಗುವ ಮೊದಲು ಒತ್ತದಿದ್ದರೆ ಮುಗಿಯಿತು, ಇನ್ನು ಸಾಯುವತನಕ ಆ ಸ್ಟೂಲಿನ ಮಾತೇ. ಗಡಿಬಿಡಿಯಲ್ಲಿ ಹೊಸ ಅಂಟನ್ನು ಬೇಕಾದಲ್ಲಿ, ಬೇಡವಾದಲ್ಲಿ ಎಲ್ಲ ಸುರಿದು ಹಲಗೆಗಳನ್ನು ನೆಲದ ಮೇಲಿಟ್ಟು ಗೋಡೆಗೆ ಒತ್ತಿ ಹಿಡಿದ. ಸಂದು ಮುಚ್ಚಲಿಲ್ಲ.

"ಸರೀರಿ ಅತ್ಲಾಗ," ಎಂದರು ಗದ್ದಲ ಕೇಳಿ ಬಂದ ಮಾವ. ಕಾರಿನ ಟೈರಿಗೆ ಬೆನ್ನು ಕೊಟ್ಟು, ಕಾಲುಚೀಲದ ಎರಡೂ ಪಾದಗಳನ್ನು ಮಣೆಯ ಅಂಚಿಗೆ ಊರಿ, ಉಸಿರು ಬಿಗಿಹಿಡಿದು ಒತ್ತಿದರು. ಸಂದು ಮುಚ್ಚಿತು. ಆದರೆ ನಡುವಿನ ಹಲಗೆ ಮೇಲೇಳತೊಡಗಿತು.

"ಏ ಗುರುಬಸವ್ವ! ಬಿಚ್ಚಿದಾಕಿ ನೀನ. ಬಾ, ಮ್ಯಾಲೆ ಕುಂದ್ರು!"

ಪ್ಲಾಸ್ಟಿಕ್ ಹಾಳೆ ಹಾಸಿ ಅತ್ತೆ ಕುಳಿತರು, ಸುಮ್ಮನೆ ಯಾಕೆಂದು ಬೀನ್ಸ್ ಸೋಸುತ್ತ. ಓಂಪ್ರಕಾಶ ಫೋನ್ ಮಾಡಿ, "ಏನ್ ಮಾಡಾಕ್ಹತ್ತೀರಿ ಅಪ್ಪಾ?" ಎಂದ.

"ಅಂಟಾಕ್ಹತ್ತೀನಿ. ಆಮ್ಯಾಲೆ ಮಾಡು."

ಊಟದ ಹೊತ್ತಿಗೆ ಸಂಗಮೇಶ "ಸಾಕ್ರೀ ಮಾವಾರ" ಎಂದ. ಎಡಗಾಲು ಬಂತು, ಬಲಗಾಲು ಬರಲಿಲ್ಲ. ಕಾಲುಚೀಲದಿಂದ ಕಾಲನ್ನು ಬಿಡಿಸಿಕೊಂಡು ಮಾವ ಎದ್ದರು. ಕಾಲುಚೀಲವನ್ನು ಕತ್ತರಿಸಿದರೂ ಅದರ ಒಂದು ನೀಲಿ ತುಂಡು ಅಂಚಿಗೇ ಕಚ್ಚಿಕೊಂಡಿತು. ಉಜ್ಜಿ ತೆಗೆಯಲು ಹೋದರೆ ಹಲಗೆ ಬಿಟ್ಟೀತೆಂಬ ಭಯಕ್ಕೆ ಸಂಗಮೇಶ ಅದನ್ನು ಮುಟ್ಟಲಿಲ್ಲ.

ಮರುದಿನ ಸ್ಯಾನ್ ಡಿಯಾಗೋದಲ್ಲಿ ಮನೆ ತುಂಬ ಜನ. ಶಾಂತಿ ಮಾಡಿಸಲು ಬಂದಿದ್ದ ಈರಯ್ಯನವರು "ಕುಂದ್ರಿ" ಎಂದರು. ಮಾವ ಅಭ್ಯಾಸಬಲದಿಂದ ಬಗ್ಗಿ ಮಣೆಗೆ ಕೈ ಹಾಕಿದರು. ಎಲ್ಲರ ಮುಂದೆ ಅಲುಗಾಡಿಸುತ್ತಾರೆ ಎಂದು ಸಂಗಮೇಶ ತಡೆಯಲು ಒಂದು ಹೆಜ್ಜೆ ಮುಂದಿಟ್ಟ. ಮಾವನ ಬೆರಳು ಅಂಚಿನ ನೀಲಿ ತುಂಡನ್ನು ಸವರಿತು, ಅಷ್ಟೇ. ಅಲುಗಾಡಿಸದೆ ದೊಪ್ಪನೆ ಕುಳಿತರು. ಪಕ್ಕದಲ್ಲಿ ಅತ್ತೆಯೂ ಕುಳಿತರು. ಮಣೆ ಕಿರ್ ಅನ್ನಲಿಲ್ಲ.

"ಮಣಿ ಭಾಳ ಛಲೋ ಐತಲ್ರೀ," ಎಂದರು ಈರಯ್ಯನವರು. "ಅಂಗಡೀದೇನು?"

"ಅಂಗಡ್ಯಾಗ ಇಂಥಾದ್ದು ಎಲ್ಲಿ ಸಿಗತೈತ್ರೀ?" ಎಂದು ಮಾವ ಎದೆಯುಬ್ಬಿಸಿದರು. "ನಮ್ಮ ಅಳಿಯಂದು!"