ಆರನೇ ಸೈಜಿನ ಗ್ಲೌಸು

ನಮ್ಮ ಥಿಯೇಟರಿನಲ್ಲಿ ಡಾಕ್ಟರುಗಳು ಬಟ್ಟೆ ಬದಲಾಯಿಸುವ ಕೋಣೆ ಒಂದೇ ಇತ್ತು, ಅದು ಗಂಡಸರದ್ದು. ೧೯೬೩ರಲ್ಲಿ ಯಶವಂತಪುರದ ಆ ಆಸ್ಪತ್ರೆಗೆ ಸರ್ಜರಿ ಕಲಿಯಲು ಸೇರಿದ ನಾನು, ಒಗೆದ ಬಟ್ಟೆ ಇಡುವ ಕೋಣೆಯಲ್ಲಿ ದುಪ್ಪಟಿಗಳ ಮಧ್ಯೆ ನಿಂತು ಸೀರೆ ಬಿಚ್ಚಿ ಗೌನು ಹಾಕಿಕೊಳ್ಳುತ್ತಿದ್ದೆ. ಯಾವ ರೋಗಿಗೆ ಏನು ಮಾಡಬೇಕು, ಯಾರು ಚಾಕು ಹಿಡಿಯಬೇಕು ಎಂಬುದೆಲ್ಲ ಅವರ ಕೋಣೆಯಲ್ಲಿ ಟೀ ಕುಡಿಯುತ್ತಾ ತೀರ್ಮಾನವಾಗುತ್ತಿತ್ತು. ನನಗೆ ಗೊತ್ತಾಗುವಷ್ಟರಲ್ಲಿ ರೋಗಿ ಮೇಜಿನ ಮೇಲಿರುತ್ತಿದ್ದ.

ಕೊಡಿಗೇಹಳ್ಳಿಗೆ, ನಮ್ಮ ಮನೆಗೆ ಹೋದರೂ ಸುಖವಿಲ್ಲ. "ನಮ್ ಮುನಿನಾರಾಯಣಿ ಎರಿಗೆ ಡಾಕ್ಟ್ರು" ಎಂದು ಅವ್ವ ಊರಿಗೆಲ್ಲ ಸಾರಿದ್ದಳು. ಹೆರಿಗೆಯಲ್ಲವ್ವಾ, ಹೊಟ್ಟೆ ಕೊಯ್ಯೋದು ಎಂದು ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಹೆರಿಗೆ ಎಂಬ ಮಾತೇ ನನಗೆ ಆಗುತ್ತಿರಲಿಲ್ಲ. ಅದಕ್ಕೇ ಹೆರಿಗೆ ವಾರ್ಡಿನ ಡಾಕ್ಟರ್ ರೆಹಾನಾ ವರಾಂಡದಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ. ಇಡೀ ಆಸ್ಪತ್ರೆಗೆ ಹೆಂಗಸು ಡಾಕ್ಟರೆಂದರೆ ನಾವಿಬ್ಬರೇ. ಅವರ ಜೊತೆ ಒಂದು ದಿನ ಊಟಕ್ಕೆ ಕೂತರೂ ನನ್ನನ್ನು ಅತ್ತ ಸೇರಿಸಿಬಿಡುತ್ತಾರೆ ಎಂಬ ಭಯ. ಒಬ್ಬಳೇ ಉಣ್ಣುತ್ತಿದ್ದೆ.

ಥಿಯೇಟರಿನ ರಬ್ಬರ್ ಗ್ಲೌಸುಗಳೆಲ್ಲ ಏಳೂವರೆ ಸೈಜಿನವು, ನನ್ನ ಕೈ ಆರು. ಬೆರಳ ತುದಿಯಲ್ಲಿ ರಬ್ಬರು ಜೋಲಾಡುತ್ತಿತ್ತು. ಒಂದು ಹರ್ನಿಯಾ ಆಪರೇಷನ್ನಿನಲ್ಲಿ ರಕ್ತನಾಳಕ್ಕೆ ದಾರದ ಗಂಟು ಹಾಕುವಾಗ ಗ್ಲೌಸಿನ ತುದಿಯನ್ನೂ ಸೇರಿಸಿ ಬಿಗಿದುಬಿಟ್ಟೆ. ಕೈ ಎಳೆದರೆ ಗಂಟೂ ಕಿತ್ತು ಬಂತು, ರಕ್ತವೂ ಚಿಮ್ಮಿತು. ದೊಡ್ಡ ಡಾಕ್ಟರು ಶ್ರೀರಾಮಪ್ಪನವರು ತಾವೇ ಗಂಟು ಹಾಕಿ, "ಸೋಮವಾರ ಇನ್ನೊಂದು ಹರ್ನಿಯಾ ಇದೆ. ಅದೂ ಹಿಂಗೇ ಆದ್ರೆ ಹೆರಿಗೆ ವಾರ್ಡಿಗೆ ಬರೆದುಕೊಡ್ತೀನಿ ಕಣಮ್ಮ" ಎಂದರು.

ಗ್ಲೌಸುಗಳನ್ನು ತೊಳೆದು, ಊದಿ ತೂತು ಹುಡುಕಿ, ಪೌಡರು ಹಾಕಿಡುವುದು ಬಾಗಲಗುಂಟೆಯ ಮಾರಕ್ಕನ ಕೆಲಸ. ಅವಳು ಅಂದು ನನ್ನ ಗ್ಲೌಸು ಹಿಡಿದುಕೊಂಡೇ ಬಟ್ಟೆ ಕೋಣೆಗೆ ಬಂದಳು.

"ಇದು ನಿಮ್ ಕೈದಲ್ಲ ಕಣವ್ವ. ಸಣ್ಣದು ಕೇಳ್ಬಾರ್ದಾ?"

"ಕೇಳಿದ್ರೆ ಹೆಂಗಸಿನ ಕೈ ಅಂತಾರೆ" ಎಂದು ರೇಗಿದೆ.

"ರೆಹಾನಮ್ಮೋರೂ ಇಂಗೇ ಅಂದಿದ್ರು. ಇಲ್ಲೇ ಅಲ್ವಾ ಅವ್ರೂ ಕಲಿಯಾಕ್ ಬಂದಿದ್ದು, ಎಂಟ್ ವರ್ಸದ್ ಇಂದೆ. ಇದೇ ಕೋಣೇಲಿ ಬಟ್ಟೆ ಬದಲಾಯಿಸ್ತಿದ್ರು. ಆಮೇಲೆ ಅತ್ಲಾಗೆ ಕಳಿಸಿದ್ರು."

ನನಗೆ ಇದನ್ನು ಯಾರೂ ಹೇಳಿರಲಿಲ್ಲ. ರೆಹಾನಾ ಆದರೂ ಹೇಳಬಹುದಿತ್ತು. ನಾನು ಮುಖ ಕೊಟ್ಟಿದ್ದರೆ ತಾನೇ.

ಸಂಜೆ ಹೆರಿಗೆ ವಾರ್ಡಿಗೆ ಹೋದೆ. ರೆಹಾನಾ ಎದ್ದು ಬಂದರು. ನನ್ನ ಕೈಯನ್ನೊಮ್ಮೆ ನೋಡಿ, ಬೀರುವಿನಿಂದ ಆರನೇ ಸೈಜಿನ ಒಂದು ಜೊತೆ ತೆಗೆದುಕೊಟ್ಟರು. ನಂತರ ಕುರ್ಚಿಯ ಕೈಗೆ ದಾರ ಸುತ್ತಿ ನನ್ನಿಂದ ಗಂಟು ಹಾಕಿಸಿದರು, ಬೇಸರವಿಲ್ಲದೆ, ಕತ್ತಲಾಗುವವರೆಗೆ. "ಆತುರ ಬೇಡ. ಬೆರಳಿಗೆ ಗೊತ್ತಾಗ್ಲಿ" ಎನ್ನುತ್ತಾ ಒಮ್ಮೆ ತಾವೇ ಹಾಕಿ ತೋರಿಸಿದರು. ಅಂಥ ಗಂಟನ್ನು ನಾನು ಶ್ರೀರಾಮಪ್ಪನವರ ಕೈಯಲ್ಲೂ ಕಂಡಿರಲಿಲ್ಲ.

ಹೊರಟಾಗ, "ಸೋಮವಾರ ಏನಾಯ್ತು ಅಂತ ಬಂದು ಹೇಳಿ. ಟೀ ಮಾಡಿಸಿರ್ತೀನಿ" ಎಂದರು.

ಸೋಮವಾರ ಗಂಟು ನಿಂತಿತು. ಒಂದು ಹನಿ ರಕ್ತವೂ ಜಿನುಗಲಿಲ್ಲ. ಶ್ರೀರಾಮಪ್ಪನವರು ನನ್ನ ಕೈ ನೋಡಿದರು.

"ಗ್ಲೌಸು ಎಲ್ಲಿಂದ ಬಂತು? ಹೆರಿಗೆ ವಾರ್ಡಿಂದಾ?"

ಮೇಜಿನ ಸುತ್ತ ಇದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಅಲ್ಲ ಸರ್. ನಾನೇ ಅಂಗಡೀಲಿ ತಗೊಂಡೆ."

"ಒಳ್ಳೇದು. ನಾಳೆ ಮೊದಲ್ನೇ ಕೇಸು ನಿಂದು."

ಮಾರಕ್ಕ ಬಕೆಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗಂಡಸರೆಲ್ಲ ತಮ್ಮ ಕೋಣೆಗೆ ಟೀಗೆ ಹೋದ ಮೇಲೆ ಗ್ಲೌಸು ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟಳು.

"ನೀವೇ ಕೊಟ್ಬಿಡಿ ರೆಹಾನಮ್ಮೋರ್ಗೆ. ಏನಾಯ್ತು ಅಂತ ಬೆಳಗ್ಗಿಂದ ಎಲ್ಡ್ ಸಲ ಕೇಳ್ಕಳ್ಸಿದ್ರು."

ವರಾಂಡದ ತಿರುವಿನವರೆಗೆ ಹೋದೆ. ಹೆರಿಗೆ ವಾರ್ಡಿನ ಬಾಗಿಲು ತೆರೆದಿತ್ತು, ಒಳಗೆ ಮೇಜಿನ ಮೇಲೆ ಎರಡು ಲೋಟ ಕಾಣುತ್ತಿದ್ದವು. ಅಷ್ಟರಲ್ಲಿ ಹಿಂದೆ ಗಂಡಸರ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಗ್ಲೌಸನ್ನು ಕೋಟಿನ ಜೇಬಿಗೆ ತುರುಕಿಕೊಂಡು ಹಿಂದಿರುಗಿದೆ.