ಆರು ಕೋಣೆ, ಒಂದು ಮಚ್ಚು

ಮೂರನೇ ಕೋಣೆಯ ಹಾಸಿಗೆಗೆ, ಅಲೆಯ ಮೇಲೆ ಜಾರುವ ಸರ್ಫ್ ಹಲಗೆಯ ಮೇಣ ಮೆತ್ತಿಕೊಂಡಿತ್ತು. ಅದರ ಮೇಲೆ ಹಳೆಯ ಪತ್ರಿಕೆ ಹರಡಿ, ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ ತೆಗೆಯುತ್ತಿದ್ದೆ. ಮೈದುನ ವಿರ್ಕ ಚಪ್ಪಲಿ ಬಿಡದೆ ಒಳಗೆ ಬಂದ.

"ಅತ್ತಿಗೆ, ನಾಳೆ ಬೆಳಿಗ್ಗೆ ಗುಡೀಲಿ ಕೊಚ್ಚೋ ಕೆಲಸ. ನೆನಪಿದೆ ತಾನೆ?"

"ಇದೆ."

"ನಿಮ್ಮ ಮನೆಯಿಂದ ಯಾರು?"

"ಚಪ್ಪಲಿ ಆಚೆ ಬಿಟ್ಟು ಬಾ. ಈಗ ತಾನೇ ಒರೆಸಿದೀನಿ."

ಅವನು ಹೊಸ್ತಿಲಾಚೆ ಹೋಗಿ ನಿಂತ. ಚಪ್ಪಲಿ ಬಿಡಲಿಲ್ಲ. ಗೋಡೆ, ಫ್ಯಾನು, ಸೋರುವ ನಲ್ಲಿ ಎಲ್ಲವನ್ನೂ ಕೊಳ್ಳುವವನ ಹಾಗೆ ನೋಡಿದ.

"ಇಲ್ಲಿ ಎ.ಸಿ. ಹಾಕಿದ್ರೆ ಮೂರು ಪಟ್ಟು ಬಾಡಿಗೆ ಬರುತ್ತೆ. ನೀವು ಇನ್ನೂ ಫ್ಯಾನು, ತಣ್ಣೀರು, ಬಾಳೆಹಣ್ಣಿನ ದೋಸೆ ಅಂತ ಕೂತಿದೀರಿ. ನಾಳೆ ಅಣ್ಣನ ಹೆಸರು ಕೂಗಿದಾಗ ನಾನೇ 'ಬಂದಿದೀನಿ' ಅಂತೀನಿ. ನೀವು ಏನೂ ಮಾಡಬೇಡಿ. ಅಡುಗೆಮನೆ ನೋಡ್ಕೊಂಡು ಇರಿ. ನಾನೇನು ಹೊರಗೆ ಹಾಕ್ತೀನಾ?"

ನಾನು ಪತ್ರಿಕೆ ಎತ್ತಿ ನೋಡಿದೆ. ಮೇಣ ಪೂರ್ತಿ ಬಿಟ್ಟಿರಲಿಲ್ಲ.

ಬಾಲಿಯ ಪಶ್ಚಿಮ ಕರಾವಳಿಯಲ್ಲಿ, ಕರಿಕಲ್ಲಿನ ದಂಡೆಯ ಮೇಲೆ ನಮ್ಮ ಕೇರಿ. ಅಲೆ ಎಡಕ್ಕೆ ಮುರಿದು ಬಹಳ ದೂರ ಓಡುತ್ತದೆ. ಅದಕ್ಕಾಗಿಯೇ ಜನ ಬರುತ್ತಾರೆ, ಸೊಳ್ಳೆ ಪರದೆಯ ತೂತನ್ನೂ ಸಹಿಸುತ್ತಾರೆ. ಆರು ಕೋಣೆಗಳನ್ನು ನನ್ನ ಗಂಡ ಆರ್ತವ ಒಂದೊಂದಾಗಿ ಕಟ್ಟಿದ. ಏಳು ತಿಂಗಳ ಹಿಂದೆ ಗಿಲಿಮಾನುಕ್ ರಸ್ತೆಯಲ್ಲಿ ತರಕಾರಿ ಲಾರಿ ಅವನ ಬೈಕಿಗೆ ಬಡಿಯಿತು. ಅದರ ಬಗ್ಗೆ ಬರೆಯಲು ಇನ್ನೇನೂ ಇಲ್ಲ.

ಗುಡಿಯ ಹಬ್ಬಕ್ಕೆ ಮಾಂಸ, ಮಸಾಲೆ ಕೊಚ್ಚುವುದು ಗಂಡಸರ ಕೆಲಸ. ಪ್ರತಿ ಮನೆಯಿಂದ ಒಬ್ಬ ತನ್ನ ಮಚ್ಚು, ತನ್ನ ಕೊರಡು ಹೊತ್ತು ಬರಬೇಕು. ಕೇರಿಯ ಯಜಮಾನರು ಪಟ್ಟಿ ಹಿಡಿದು ಹೆಸರು ಕೂಗುತ್ತಾರೆ. ಸಾಲಾಗಿ ಮೂರು ಹಬ್ಬಕ್ಕೆ ಉತ್ತರ ಬರದಿದ್ದರೆ ಮನೆ ಪಟ್ಟಿಯಿಂದ ಹೋಗುತ್ತದೆ. ಬೇರೆ ಯಾರಾದರೂ ಉತ್ತರ ಕೊಟ್ಟು ಕೂತರೆ ಮನೆ ಅವರದಾಗುತ್ತದೆ. ಮನೆಯೆಂದರೆ ಜಾಗ. ಜಾಗವೆಂದರೆ ಈ ಆರು ಕೋಣೆ. ಆರ್ತವನ ಹೆಸರು ಎರಡು ಸಲ ಉತ್ತರವಿಲ್ಲದೆ ಹೋಗಿತ್ತು. ಆ ಎರಡು ದಿನವೂ ನಾನು ಹಾಸಿಗೆಯಲ್ಲಿ ಗೋಡೆ ನೋಡುತ್ತ ಮಲಗಿದ್ದೆ.

"ನಾಳೆ ನಾನೇ ಬರ್ತೀನಿ," ಅಂದೆ.

ವಿರ್ಕ ನಕ್ಕ. "ಡೆನ್ಪಸಾರ್‌ನಲ್ಲಿ ಅರ್ಥಶಾಸ್ತ್ರ ಓದಿದ್ದಕ್ಕಾ ಇದು? ಹಂದಿ ಚರ್ಮ ಕೊಚ್ಚೋದಕ್ಕಾ?"

"ಅದಕ್ಕೂ ಆಗುತ್ತೆ."

ಸಂಜೆ ಅಂಗಳದಲ್ಲಿ ಮಚ್ಚು ಮಸೆಯಲು ಕೂತೆ. ಅತ್ತೆ ತಾಳೆಗರಿ ಸೀಳುತ್ತ ನೈವೇದ್ಯದ ದೊನ್ನೆ ಕಟ್ಟುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು:

"ಅದು ಅವನ ಮಚ್ಚು."

"ಹೌದು, ಮೆಮೆ," ಅಂದೆ. ಅಮ್ಮನನ್ನು ಕರೆಯುವ ಹಾಗೆಯೇ ಅತ್ತೆಯನ್ನೂ ಕರೆಯುತ್ತೇನೆ.

"ಹೆಂಗಸರು ಮುಟ್ಟೋದಲ್ಲ."

"ಏಳು ತಿಂಗಳಿಂದ ತುಕ್ಕು ಮುಟ್ತಾ ಇದೆ. ಅದಕ್ಕಿಂತ ನಾನು ವಾಸಿ."

"ನಿನ್ನ ನೋಡಿ ನಗ್ತಾರೆ ಕಣೇ. ಆ ವಿರ್ಕನೂ ನನ್ನ ಹೊಟ್ಟೇಲೇ ಹುಟ್ಟಿದೋನು. ನಾನು ಯಾರ ಕಡೆ ಕೂರಲಿ?"

"ಎಲ್ಲಿ ಕೂತಿದೀರೋ ಅಲ್ಲೇ ಕೂತಿರಿ. ನಗೋರು ನಗಲಿ."

ಅವರು ದೊನ್ನೆ ಕೆಳಗಿಟ್ಟರು. ಎದ್ದು, ಮಸೆಯುವ ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು ಒಳಗೆ ಹೋದರು. ನೀರಿಲ್ಲದೆ ಮಸೆಯುತ್ತಿದ್ದೆ ಎಂಬುದು ಆಗ ನನಗೆ ತಿಳಿಯಿತು.

ಬೆಳಕು ಹರಿಯುವಾಗ ಗುಡಿಯ ಟೊಳ್ಳು ಮರದ ಗಂಟೆ ಬಡಿಯಿತು. ತಿಂಡಿ ತಡವಾಗುತ್ತದೆ ಎಂದು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಮೂರನೇ ಕೋಣೆಯ ಪೋರ್ಚುಗೀಸ್ ಹುಡುಗಿ ಟೆಲ್ಮಾ ಹಲಗೆ ಹಿಡಿದು ಹೊರಬಂದಳು.

"ಇಷ್ಟು ಬೇಗ ಎಲ್ಲಿಗೆ?"

"ಹಂದಿ ಕೊಚ್ಚೋಕೆ."

ಅವಳು ಮಚ್ಚು ನೋಡಿದಳು, ನನ್ನ ಮುಖ ನೋಡಿದಳು. ಅಲೆ ಚೆನ್ನಾಗಿದೆ ಅಂತ ಕಾಣುತ್ತೆ ಎಂದು ಸಮುದ್ರದ ಕಡೆ ಬೇಗ ಬೇಗ ಹೋದಳು.

ಗುಡಿಯ ಹೊರಪ್ರಾಕಾರದಲ್ಲಿ ನಲವತ್ತು ಗಂಡಸರು ಚಾಪೆಯ ಮೇಲೆ ಕೂತಿದ್ದರು. ನಾನು ಹುಣಸೆಮರದ ಕೊರಡನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದೆ ನಿಂತೆ. ಹೆಂಗಸರ ಸಾಲು ಆಚೆ, ಎಂದು ಯಾರೋ ಕೈ ತೋರಿಸಿದರು. ನಾನು ಕದಲಲಿಲ್ಲ.

ಯಜಮಾನರು ಹೆಸರು ಕೂಗುತ್ತ ಬಂದರು. "ವಿರ್ಕ."

"ಬಂದಿದೀನಿ."

ಇನ್ನೂ ಐದಾರು ಹೆಸರು. ಆಮೇಲೆ ಸ್ವರ ತಗ್ಗಿಸಿ, "ಆರ್ತವ."

"ಬಂದಿದೀನಿ," ಅಂದ ವಿರ್ಕ.

"ಬಂದಿದೀನಿ," ಅಂದೆ ನಾನು.

ಎರಡೂ ಒಟ್ಟಿಗೇ ಬಿದ್ದವು. ಹಲ್ಲಿಲ್ಲದ ಸುಕ್ರ ಅಜ್ಜ ಕಿವಿಗೆ ಕೈ ಹಚ್ಚಿದ. "ಆರ್ತವ ಎರಡು ಜನ ಆಗಿ ಹುಟ್ಟಿ ಬಂದನಲ್ಲಪ್ಪಾ!"

ನಗು ಎದ್ದಿತು. ಯಜಮಾನರು ನಗಲಿಲ್ಲ.

"ವಿರ್ಕ, ನಿನ್ನ ಹೆಸರಿಗೆ ಆಗ್ಲೇ ಉತ್ತರ ಕೊಟ್ಟಿದ್ಯಲ್ಲ?"

"ಅಣ್ಣನ ಮನೆಗೂ ನಾನೇ."

"ಎರಡನೇ ಕೊರಡೆಲ್ಲಿ?"

ವಿರ್ಕ ತನ್ನ ಮುಂದಿನ ಒಂದೇ ಕೊರಡನ್ನು ನೋಡಿದ. "ಒಂದರ ಮೇಲೇ ಎರಡು ಪಾಲು ಕೊಚ್ತೀನಿ."

"ಎರಡು ಮನೆ, ಎರಡು ಕೊರಡು. ನಿಮ್ಮಪ್ಪನ ಕಾಲದಿಂದ ಹಾಗೇ ಅಲ್ವಾ?"

"ಅಣ್ಣಂದು ಅತ್ತಿಗೆ ಹತ್ರ ಇದೆ. ಕೊಡಿಸಿ."

"ಅವಳನ್ನೇ ಕೇಳು."

ನಲವತ್ತು ತಲೆ ನನ್ನ ಕಡೆ ತಿರುಗಿದವು.

"ಕೊಡಲ್ಲ," ಅಂದೆ.

"ನೋಡಮ್ಮ," ಯಜಮಾನರು ಪಟ್ಟಿ ಕೆಳಗಿಟ್ಟರು. "ಇದು ಹೆಂಗಸರು ಕೂರೋ ಜಾಗ ಅಲ್ಲ."

"ಹೆಂಗಸರು ಕೂರಬಾರದು ಅಂತ ನಮ್ಮ ಕೇರಿ ಕಟ್ಟಳೇಲಿ ಬರೆದಿದೆಯಾ?"

"ಬರೆದಿಲ್ಲ. ಇಲ್ಲೀವರೆಗೆ ಯಾರೂ ಬಂದಿರ್ಲಿಲ್ಲ."

"ಈಗ ಬಂದಿದೀನಲ್ಲ."

"ಹೆಂಗಸು ಕೊಚ್ಚಿದ್ರೆ ಹಳಸಿ ಹೋಗುತ್ತೆ," ಎಂದು ಹಿಂದಿನಿಂದ ಒಬ್ಬ.

"ನಿನ್ನ ಮನೇಲಿ ದಿನಾ ಯಾರೋ ಕೊಚ್ಚೋದು? ನೀನು ಹಳಸಿದ್ದೇ ತಿಂತಿದೀಯಾ?" ಅಂದೆ. ಅವನ ಪಕ್ಕದವನು ಕೆಮ್ಮಿದ ಹಾಗೆ ನಕ್ಕ.

ಯಜಮಾನರು ಹಣೆ ಉಜ್ಜಿಕೊಂಡರು. "ಸರಿ, ಕೂತ್ಕೋ. ಆದ್ರೆ ಗಂಡಸಿನ ಪಾಲು ಪೂರ್ತಿ ಮುಗಿಸಬೇಕು. ಮಧ್ಯದಲ್ಲಿ ಎದ್ದರೆ ಮನೆ ವಿರ್ಕನದು. ಆಮೇಲೆ ನನ್ನ ಹತ್ರ ಅತ್ಕೊಂಡು ಬರಬಾರದು."

"ಅಳೋದು ಮುಗಿದಿದೆ."

ಅದು ಸುಳ್ಳು. ಅಳು ಇನ್ನೂ ಶುರುವಾಗಿರಲಿಲ್ಲ.

ನನ್ನ ಮುಂದೆ ಬೇಯಿಸಿದ ಹಂದಿ ಚರ್ಮ, ಮಾಂಸ, ಒಂದು ಬುಟ್ಟಿ ಅಲಸಂದೆ ಕಾಯಿ, ಶುಂಠಿ, ಅರಿಶಿನ ಸುರಿದರು. ಉಳಿದವರಿಗಿಂತ ಹೆಚ್ಚೇ ಇತ್ತು. ನಾನು ಮಚ್ಚು ಎತ್ತಿದೆ. ದಿನಕ್ಕೆ ಹನ್ನೆರಡು ಜನರ ತಿಂಡಿಗೆ ಹಣ್ಣು ಹೆಚ್ಚುವ ಕೈ ನನ್ನದು, ಆದರೆ ಈ ಮಚ್ಚು ಹಣ್ಣಿನ ಚಾಕುವಲ್ಲ. ಚರ್ಮ ಜಾರುತ್ತದೆ, ಭುಜದಿಂದ ಬೀಳಿಸಬೇಕು. ಮೊದಲ ಅರ್ಧ ಗಂಟೆ ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ತಂತಮ್ಮ ಕೆಲಸಕ್ಕೆ ಬಿದ್ದರು. ನಲವತ್ತು ಮಚ್ಚುಗಳ ಸದ್ದಿನೊಳಗೆ ನನ್ನದೂ ಒಂದು ಸೇರಿಹೋಯಿತು.

ಎರಡನೇ ಗಂಟೆಯಲ್ಲಿ ಸೊಂಟದಲ್ಲಿದ್ದ ಫೋನು ನಡುಗಿತು. ನಿಂತಿತು. ಮತ್ತೆ ನಡುಗಿತು. ಎದುರಿಗೆ ಕೂತಿದ್ದ ವಿರ್ಕ ತಲೆ ಎತ್ತಿದ.

"ಅತ್ತಿಗೆ, ನಿಮ್ಮ ಗಿರಾಕಿಗಳು. ಹಸಿದಿರ್ತಾರೆ ಪಾಪ. ಒಂದು ಸಲ ಹೋಗಿ ಬನ್ನಿ, ಯಾರೂ ಏನೂ ಅಂದ್ಕೊಳ್ಳಲ್ಲ."

"ಹಸೀಲಿ."

"ಕೋಣೆ ಖಾಲಿ ಮಾಡ್ಕೊಂಡು ಹೋಗಿಬಿಡ್ತಾರೆ."

"ಹೋಗ್ಲಿ. ಬೇರೆಯವರು ಬರ್ತಾರೆ. ನೀನು ನಿನ್ನ ಬೆರಳು ನೋಡ್ಕೋ."

ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದು, ಅರಿಶಿನ ಸೇರಿ ಉರಿಯುತ್ತಿತ್ತು. ಸುಕ್ರ ಅಜ್ಜ ತನ್ನ ಕಡೆಯಿಂದ ಒಂದು ತುಂಡು ಬಟ್ಟೆ ಎಸೆದ. ಮಚ್ಚಿನ ಹಿಡಿಗೆ ಸುತ್ತಿಕೊಂಡೆ. ಎದ್ದು ನಿಲ್ಲದೆ, ಕಾಲು ಬದಲಿಸದೆ ಕೊಚ್ಚಿದೆ. ಬುಟ್ಟಿ ಖಾಲಿಯಾಯಿತು.

ಸುಟ್ಟ ತೆಂಗಿನ ತುರಿ, ರಕ್ತ, ಮಸಾಲೆ ಎಲ್ಲ ಬೆರೆಸಿ ಲಾವಾರ್ ಎಂಬ ಹಬ್ಬದ ಪಲ್ಯ ಕಲಸುವುದು ಹಿರಿಯರ ಕೆಲಸ. ನನ್ನ ರಾಶಿಯೂ ಉಳಿದವರ ರಾಶಿಯೂ ಒಂದೇ ಬಾನಿಗೆ ಬಿದ್ದವು. ಸುಕ್ರ ಅಜ್ಜ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಎಲ್ಲರೂ ಕಾದರು.

"ಉಪ್ಪು ಕಮ್ಮಿ," ಅಂದ. "ಪ್ರತಿ ಸಲದ ಹಾಗೆ."

ಯಜಮಾನರು ಪಟ್ಟಿ ತೆರೆದರು. "ಏನಂತ ಬರೀಲಿ? ಆರ್ತವನ ಹೆಂಡತಿ ಅಂತಾನಾ?"

"ರಸ್ಮಿನಿ ಅಂತ ಬರೀರಿ."

"ಮುಂದಿನ ಸಲವೂ ಬರಬೇಕಾಗುತ್ತೆ. ತಪ್ಪಿಸಿದ್ರೆ ದಂಡ."

"ಗಂಡಸರಿಗೆ ಎಷ್ಟೋ ಅಷ್ಟೇ ಹಾಕಿ."

ಅವರು ಜೇಬಿನಿಂದ ಸಣ್ಣ ಅಳತೆಪಟ್ಟಿ ತೆಗೆದು, ಆರ್ತವನ ಹೆಸರಿನ ಮೇಲೆ ನೀಟಾಗಿ ಒಂದು ಗೆರೆ ಎಳೆದರು. ಪಕ್ಕದಲ್ಲಿ ನನ್ನ ಹೆಸರು ಬರೆದರು. ಆಸ್ಪತ್ರೆಯಲ್ಲಿ, ಸುಡುವಾಗ, ಬೂದಿ ಸಮುದ್ರಕ್ಕೆ ಬಿಡುವಾಗ, ಎಲ್ಲವನ್ನೂ ಬೇರೆಯವರೇ ಮಾಡಿದ್ದರು. ಈ ಗೆರೆ ನಾನು ಎಳೆಸಿದ್ದು. ಶಾಯಿ ಆರುವವರೆಗೆ ಅದನ್ನೇ ನೋಡಿದೆ.

ಕೊರಡು ಎತ್ತಿಕೊಂಡು ಹೊರಟಾಗ ವಿರ್ಕ ಬಾಗಿಲಲ್ಲಿ ಅಡ್ಡ ನಿಂತಿದ್ದ.

"ಅಣ್ಣನ ಹೆಸರು ಅಳಿಸಿಬಿಟ್ರಿ. ಸಮಾಧಾನ ಆಯ್ತಾ?"

"ಇಲ್ಲ," ಅಂದೆ. "ದಾರಿ ಬಿಡು. ಐದನೇ ಕೋಣೆಗೆ ಹೊಸಬರು ಬರ್ತಾರೆ."