ಮಗಳ ಬಗ್ಗೆ ನಾಲ್ಕು ಮಾತು

"ಭಾನುವಾರ ಏನು ಮಾಡ್ತೀಯಮ್ಮ? ಇಂಗ್ಲಿಷಲ್ಲಿ ಹೇಳು," ಎಂದು ವಿಶ್ವನಾಥ್ ಮೇಷ್ಟ್ರು ಎರಡನೇ ಸಲ ಕೇಳಿದರು.

ತಬಸ್ಸುಮ್ ಮೇಷ್ಟ್ರ ಮನೆಯ ಚಾಪೆಯ ಮೇಲೆ ಕೂತು ಗೋಡೆ ನೋಡುತ್ತಿದ್ದಳು. ಅಲ್ಲ, ಇದೂ ಒಂದು ಪ್ರಶ್ನೆಯೇ? ಭಾನುವಾರ ಯಾರಾದರೂ ಏನು ಮಾಡುತ್ತಾರೆ, ಶನಿವಾರ ಮಾಡಿದ್ದನ್ನೇ ಮಾಡುತ್ತಾರೆ. ಕಸ ಗುಡಿಸುತ್ತಾರೆ, ನಲ್ಲಿ ಬಂದರೆ ನೀರು ಹಿಡಿಯುತ್ತಾರೆ, ಅನ್ನಕ್ಕಿಡುತ್ತಾರೆ. ಇಷ್ಟು ಹೇಳುವುದಕ್ಕೆ ನಾಲಿಗೆ ಯಾಕೆ ಹೊರಳುವುದಿಲ್ಲವೋ ಆ ನಾಲಿಗೆಗೇ ಗೊತ್ತು. ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ ಬಡಿಯುತ್ತಲೇ ಇತ್ತು. ಮೊಳಕಾಲ್ಮೂರಿನ ಆ ಓಣಿಯಲ್ಲಿ ಮಗ್ಗ ನಿಂತರೇನೇ ಜನ ಹೊರಗೆ ಬಂದು ಏನಾಯಿತೆಂದು ನೋಡುತ್ತಾರೆ.

"ಆನ್ ಸಂಡೇ ಐ ಗೋ ಟು ದ ಪಾರ್ಕ್ ವಿತ್ ಮೈ ಫ್ಯಾಮಿಲಿ," ಎಂದಳು ಕೊನೆಗೆ, ಒಂದೇ ಉಸಿರಿನಲ್ಲಿ.

ಅದು ಮೇಷ್ಟ್ರೇ ಬರೆದುಕೊಟ್ಟು ಉರು ಹೊಡೆಸಿದ್ದ ಮಾತು. ಅವಳು ಪಾರ್ಕಿಗೆ ಹೋಗಿದ್ದೂ ಇಲ್ಲ, ಕರೆದುಕೊಂಡು ಹೋಗಲು ಫ್ಯಾಮಿಲಿ ಹತ್ತಿರದಲ್ಲಿ ಇರಲೂ ಇಲ್ಲ.

"ಸರಿ. ಯಾವ ಪಾರ್ಕು, ಅಲ್ಲಿ ಏನೈತೆ ಅಂತ ಕೇಳ್ತಾರೆ. ಆಗ?"

ಬರೆದುಕೊಟ್ಟದ್ದು ಅಲ್ಲಿಗೇ ಮುಗಿದಿತ್ತು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಹೈಸ್ಕೂಲಿನಲ್ಲಿ ತಲೆ ಹಣ್ಣಾಗುವವರೆಗೆ ಇಂಗ್ಲಿಷ್ ಕಲಿಸಿದ ಮನುಷ್ಯ. ಹುಡುಗರು ಪ್ರಶ್ನೆ ಓದುವ ಮೊದಲೇ ಉತ್ತರ ಬರೆಯುವಂತೆ ತಯಾರು ಮಾಡುವುದರಲ್ಲಿ ಅವರಿಗೆ ತಾಲ್ಲೂಕಿನಲ್ಲೇ ಹೆಸರಿತ್ತು. ಎದುರಿಗೆ ಕೂತವರು ಮಾತಿಗೆ ಮಾತು ಸೇರಿಸುವ ಪರೀಕ್ಷೆ ಅವರಿಗೂ ಹೊಸದು.

ಪರೀಕ್ಷೆ ದೊಡ್ಡದೇನಲ್ಲ. ಲೋಟದ ಚಹಾ ಆರುವಷ್ಟು ಹೊತ್ತು ಒಬ್ಬರ ಎದುರು ಕೂತು ಇಂಗ್ಲಿಷಿನಲ್ಲಿ ಮಾತಾಡಬೇಕು. ಹವಾಮಾನ, ಊಟ, ಅಂಗಡಿ, ಮನೆ, ಸಂಸಾರ, ಹೀಗೆ ದಿನಬೆಳಗಾದರೆ ಆಡುವ ಮಾತು. ಅದರಲ್ಲಿ ಪಾಸಾದರೆ ತಬಸ್ಸುಮ್ ಇಂಗ್ಲೆಂಡಿನ ಲೆಸ್ಟರಿಗೆ, ಗಂಡ ಅಜ್ಮತನ ಹತ್ತಿರ ಹೋಗಲು ಅರ್ಜಿ ಹಾಕಬಹುದು. ಅಜ್ಮತ್ ಅಲ್ಲಿ ಸಾಮಾನು ಹಂಚುವ ವ್ಯಾನ್ ಓಡಿಸುತ್ತಾನೆ, ಅಲ್ಲಿನ ಪ್ರಜೆಯೇ ಆಗಿಬಿಟ್ಟಿದ್ದಾನೆ. ಗಂಡನ ವಿಷಯ ಹಾಗಿರಲಿ, ಅವನಿಲ್ಲದೆ ವರ್ಷಗಟ್ಟಲೆ ಇರುವುದು ಅವಳಿಗೆ ರೂಢಿಯಾಗಿತ್ತು. ರೂಢಿಯಾಗದಿದ್ದದ್ದು ಮಗಳು ಇಲ್ಲದಿರುವುದು.

ಮಗಳು ಕೌಸರ್ ಹುಟ್ಟಿದ್ದು ಚಳ್ಳಕೆರೆಯಲ್ಲಿ, ತಬಸ್ಸುಮಳ ತವರಿನಲ್ಲೇ. ಆದರೆ ಅಪ್ಪನ ದೆಸೆಯಿಂದ ಅವಳಿಗೆ ಅಲ್ಲಿನ ಪಾಸ್‌ಪೋರ್ಟು ಸಲೀಸಾಗಿ ಸಿಕ್ಕಿತು. ಹೋದ ವರ್ಷಕ್ಕೂ ಹಿಂದಿನ ಮಳೆಗಾಲದಲ್ಲಿ, ಅವಳಿಗೆ ನಾಲ್ಕು ತುಂಬಿದ್ದಾಗ, ಅಜ್ಮತ್ ಬಂದವನು, "ಅಲ್ಲಿ ಸ್ಕೂಲು ಶುರುವಾಗ್ತದೆ, ಇವಳನ್ನ ಈಗಲೇ ಕರ್ಕೊಂಡ್ ಹೋಗ್ತೀನಿ, ನೀನು ಹಿಂದೇನೇ ಬಂದ್ಬಿಡು," ಎಂದ. ಹಿಂದೆಯೇ ಎಂದದ್ದು ಹಿಂದೆಯೇ ಉಳಿಯಿತು. ಹೆಂಡತಿಯನ್ನು ಕರೆಸಿಕೊಳ್ಳಲು ತೋರಿಸಬೇಕಾದ ಅವನ ಸಂಬಳದ ಕಾಗದ ಪತ್ರ ಸರಿಹೋಗುವುದಕ್ಕೇ ಒಂದು ವರ್ಷ ಹಿಡಿಯಿತು. ಆಮೇಲೆ ಈ ಪರೀಕ್ಷೆ. ಕೌಸರ್ ಈಗ ಸೋದರತ್ತೆಯ ಮಕ್ಕಳ ಜೊತೆ ಬೆಳೆಯುತ್ತಿದ್ದಾಳೆ. ಆ ಮಕ್ಕಳು ತಮ್ಮ ತಾಯಿಯನ್ನು 'ಮಮ್' ಎಂದು ಕೂಗುವುದನ್ನು ಕೇಳಿ ಕೇಳಿ ಇವಳೂ ಅತ್ತೆಯನ್ನು ಹಾಗೇ ಕೂಗುತ್ತಾಳೆ. ಫೋನಿನಲ್ಲಿ ಅದನ್ನು ಮೊದಲ ಸಲ ಕೇಳಿದ ದಿನ ತಬಸ್ಸುಮ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಒಂದು ಸಲ ಪರೀಕ್ಷೆಗೆ ಕೂತಿದ್ದಾಗಿತ್ತು. ಫೇಲಾದದ್ದು ಹೇಗೆ ಎಂದರೆ ಕೇಳಿದವರು ನಗಬೇಕೋ ಅಳಬೇಕೋ. ಬೆಂಗಳೂರಿನಲ್ಲಿ ಸಿಕ್ಕಿದ ತಾರೀಖು ರಂಜಾನ್ ತಿಂಗಳಲ್ಲಿ ಬಿದ್ದಿತ್ತು. ಮೇಷ್ಟ್ರು ಕೊಟ್ಟ ಎಲ್ಲ ಉತ್ತರಗಳೂ ಅವಳಿಗೆ ಕಂಠಪಾಠ. ಚಿಕ್ಕವಳಿದ್ದಾಗ ಅರ್ಥ ಗೊತ್ತಿಲ್ಲದೆಯೂ ಕುರ್‌ಆನ್ ಪಾಠವನ್ನು ಒಂದು ಅಕ್ಷರ ಬಿಡದೆ ಒಪ್ಪಿಸುತ್ತಿದ್ದ ಹುಡುಗಿ, ಇದೇನು ಮಹಾ. ಪರೀಕ್ಷೆಯ ಹೆಂಗಸು ನಗುತ್ತ, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದಳು. 'ಐ ಹ್ಯಾಡ್ ಟೂ ಇಡ್ಲೀಸ್ ಅಂಡ್ ಕಾಫಿ' ಎನ್ನುವ ಉತ್ತರ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಆದರೆ ರೋಜಾ ಇಟ್ಟ ಬಾಯಿ. ಉಪವಾಸದ ಬಾಯಲ್ಲಿ ಇಡ್ಲಿ ತಿಂದೆ ಎಂದು ಸುಳ್ಳು ಹೇಳುವುದು ಹೇಗೆ?

"ನೋ ಈಟ್," ಎಂದಳು.

ಆ ಹೆಂಗಸು ಒಳ್ಳೆಯವಳೇ, ಯಾಕೆ, ಹುಷಾರಿಲ್ಲವೇ ಎಂದು ಕೇಳಿದಳು. ರೋಜಾಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ತಬಸ್ಸುಮ್ ತಲೆ ಅಲ್ಲಾಡಿಸಿದಳು. ಒಂದು ಸಾಲು ತಪ್ಪಿದರೆ ಮುಂದಿನದೆಲ್ಲ ಮರೆತುಹೋಗುತ್ತದಲ್ಲ, ಹಾಗೆ ಉಳಿದದ್ದೆಲ್ಲ ತಲೆಯಿಂದ ಇಳಿದುಹೋಯಿತು. ಹೊರಗೆ ಕಾದಿದ್ದ ಅಪ್ಪ ನಬೀ ಸಾಬರು ಅವಳ ಮುಖ ನೋಡಿ ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದರು.

"ಉಪಾಸದ ದಿನ ಪರೀಕ್ಷೆ ಅಂತ ನಂಗೊಂದು ಮಾತು ಹೇಳಿದ್ರೆ ಅದನ್ನೇ ಬರ್ಕೊಡ್ತಿದ್ನಲ್ಲಮ್ಮ," ಎಂದು ಮೇಷ್ಟ್ರು ಆಗ ಬಹಳ ನೊಂದುಕೊಂಡಿದ್ದರು. ಅಂದಿನಿಂದ ಫೀಸಿನ ಮಾತೇ ಎತ್ತಿರಲಿಲ್ಲ.

ಈಗ ಇನ್ನೊಂದು ತಾರೀಖು ಬಂದಿತ್ತು, ಬರುವ ಮಂಗಳವಾರ. ಅಜ್ಮತ್ ಫೋನಿನಲ್ಲಿ, "ಈ ಸಲಾನೂ ಆಗ್ಲಿಲ್ಲ ಅಂದ್ರೆ, ನೋಡೋಣ," ಎಂದಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ 'ನೋಡೋಣ' ಅವಳ ನಿದ್ದೆ ಕೆಡಿಸಿತ್ತು.

"ಹೋಗ್ಲಿ ಬಿಡು ಪಾರ್ಕು," ಎಂದರು ಮೇಷ್ಟ್ರು. "ಮಗಳ ಬಗ್ಗೆ ನಾಲ್ಕು ಮಾತು ಹೇಳು. ಅದನ್ನ ನಾನು ಬರ್ಕೊಟ್ಟಿಲ್ಲ. ನಿಂಗೆ ಹೆಂಗೆ ಬರುತ್ತೋ ಹಂಗೆ."

ತಬಸ್ಸುಮ್ ಮುಖ ಎತ್ತಿದಳು. "ಮೈ ಡಾಟರ್ ಕೌಸರ್. ಶಿ ಲೈಕ್ ಶಾವಿಗೆ ಖೀರ್. ಡಾಗ್ ಕಮ್, ಶಿ ಅಫ್ರೇಡ್, ಶಿ ರನ್ ಟು ಮಿ. ನೈಟ್ ಶಿ ಹೋಲ್ಡ್ ಮೈ ದುಪಟ್ಟಾ. ದೆನ್ ಓನ್ಲಿ ಶಿ ಸ್ಲೀಪ್."

ಹೇಳುತ್ತ ಹೇಳುತ್ತ ಅವಳ ಕೈಯೂ ಆಡುತ್ತಿತ್ತು. ಮೇಷ್ಟ್ರು ಬೆರಗಾಗಿ ಕೇಳುತ್ತಿದ್ದರು.

"ಎಷ್ಟು ಸಲೀಸಾಗಿ ಬಂತು ನೋಡು. ತಪ್ಪೈತೆ, ಇರ್ಲಿ. ನೀನು ಒಂದು ಕೆಲಸ ಮಾಡು. ಅವ್ರು ಏನೇ ಕೇಳ್ಲಿ, ತಿರುಗ್ಸಿ ಮಗಳ ಹತ್ರ ತಗೊಂಡ್ ಹೋಗು. ಊಟ ಅಂದ್ರೆ ಮಗಳು ತಿನ್ನೋದು, ಬಟ್ಟೆ ಅಂದ್ರೆ ಮಗಳಿಗೆ ತಗೊಂಡಿದ್ದು. ಇದರಲ್ಲಿ ಸುಳ್ಳಿಲ್ಲ, ಮರೆಯೋ ಭಯಾನೂ ಇಲ್ಲ."

"ಆಯ್ತು ಸಾರ್," ಎಂದಳು. ರಂಜಾನಿನಿಂದೀಚೆಗೆ ಅವಳಿಗೆ ಮೊದಲ ಸಲ ಉಸಿರು ಹಗುರಾಯಿತು.

"ಇನ್ನೊಂದು. ಮಗಳಿಗೇ ಫೋನ್ ಮಾಡಿ ಪ್ರಶ್ನೆ ಕೇಳು ಅನ್ನು. ಅಲ್ಲಿನ ಮಾತಿನ ಧಾಟಿ ಕಿವಿಗೆ ಬೀಳ್ಲಿ. ನನ್ನ ಇಂಗ್ಲಿಷು ಇಲ್ಲೇ ಪಕ್ಕದ ಹಾನಗಲ್ ದಾಟಿದ್ರೆ ಯಾರಿಗೂ ತಿಳಿಯಲ್ಲ."

ಚಳ್ಳಕೆರೆಗೆ, ಅಪ್ಪನ ಮನೆಗೆ ಹಿಂದಿರುಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ತುಟಿ ಆಡಿಸುತ್ತಲೇ ಕೂತಳು. ಹೊರಗೆ ಆಷಾಢದ ಗಾಳಿ ಕೆಂಪು ಧೂಳನ್ನು ಕಿಟಕಿಗೆ ಎರಚುತ್ತಿತ್ತು. ಹವಾಮಾನ ಹೇಗಿದೆ? ಗಾಳಿ ಬಹಳ, ನನ್ನ ಮಗಳಿಗೆ ಗಾಳಿಯಲ್ಲಿ ಓಡುವುದು ಇಷ್ಟ. ಏನು ಕೊಂಡಿರಿ? ಮಗಳಿಗೆ ಬಳೆ. ಎಲ್ಲ ದಾರಿಯೂ ಮಗಳ ಹತ್ತಿರಕ್ಕೇ ಹೋಗುತ್ತಿತ್ತು. ತಳಕಿನಲ್ಲಿ ಹತ್ತಿ ಪಕ್ಕ ಕೂತ, ಕಂಬಳಿ ಹೆಗಲಿನ ಮುದುಕಿ ಬಹಳ ಹೊತ್ತು ಇವಳನ್ನೇ ನೋಡಿದಳು.

"ಏನವ್ವ, ಜಪ ಮಾಡ್ತಿದೀಯ?"

"ಇಲ್ಲಜ್ಜಿ. ಪರೀಕ್ಷೆ ಐತೆ."

"ಈ ವಯಸ್ನಾಗೆ? ಮಕ್ಕಳೆಷ್ಟು?"

"ಒಬ್ಬಳು ಮಗಳು. ಅವರಪ್ಪನ ಹತ್ರ ಅವಳೆ, ಇಂಗ್ಲೆಂಡಲ್ಲಿ."

"ಕೂಸು ಅಲ್ಲಿ, ನೀನಿಲ್ಲಿ," ಎಂದಳು ಮುದುಕಿ. ಕುರಿಮರಿ ಹಿಂಡಿನಿಂದ ಆಚೆ ಉಳಿದರೆ ಹೇಗೆ ಹೇಳುವಳೋ ಹಾಗೆ, ಯಾರನ್ನೂ ದೂರದೆ ಹೇಳಿದಳು. ತಬಸ್ಸುಮ್ ಕಿಟಕಿಯ ಕಡೆ ತಿರುಗಿಕೊಂಡಳು.

ಭಾನುವಾರ ಮಧ್ಯಾಹ್ನ ಫೋನ್ ಮಾಡುವುದೆಂದು ಗೊತ್ತಾಗಿತ್ತು, ಅಲ್ಲಿ ಆಗ ಬೆಳಿಗ್ಗೆ. ಮನೆಯ ಮುಂಭಾಗದಲ್ಲೇ ನಬೀ ಸಾಬರ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳು ಬಾಗಿಲವರೆಗೂ ಸಾಲುಗಟ್ಟಿದ್ದವು. ಅಂಗಡಿಯ ಹಿಂದಿನ ಕೋಣೆಯಲ್ಲಿ ತಬಸ್ಸುಮ್ ಹಸಿರು ಚೂಡಿದಾರ ಹಾಕಿಕೊಂಡು, ಪರೀಕ್ಷೆಗೇ ಹೊರಟವಳ ಹಾಗೆ ತಲೆ ಬಾಚಿಕೊಂಡು, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಕೂತಳು.

"ಬೇಗ ಮುಗಿಸು," ಎಂದ ಅಜ್ಮತ್, ಮನೆಯೊಳಗಿನ ಉರ್ದುವಿನಲ್ಲಿ. "ಅವಳು ಅತ್ತೆ ಮಕ್ಕಳ ಜೊತೆ ಈಜೋಕೆ ಹೋಗ್ಬೇಕು." ತಬಸ್ಸುಮ್ ಮೊದಲೇ ಹೇಳಿ ಬರೆಸಿದ್ದ ಪ್ರಶ್ನೆಗಳ ಚೀಟಿಯನ್ನು ಮಗಳ ಕೈಗೆ ಕೊಟ್ಟು ಅವನು ಪರದೆಯಿಂದ ಆಚೆ ಸರಿದ.

ಕೌಸರ್ ಎದುರಿಗೆ ಬಂದಳು. ಕೂದಲನ್ನು ಕಿವಿಯವರೆಗೆ ಕತ್ತರಿಸಿದ್ದರು. ಅದನ್ನು ಯಾರೂ ತಬಸ್ಸುಮಳಿಗೆ ಹೇಳಿರಲಿಲ್ಲ. ಕೇಳಬೇಕೆಂದುಕೊಂಡಳು, ಆದರೆ ಹುಡುಗಿ ಆಗಲೇ ಟೀಚರಮ್ಮನ ಹಾಗೆ ಗಂಟಲು ಸರಿಮಾಡಿಕೊಂಡಿದ್ದಳು.

"ಡು ಯೂ ಹ್ಯಾವ್ ಚಿಲ್ಡ್ರನ್?"

"ಯೆಸ್. ಐ ಹ್ಯಾವ್ ಒನ್ ಡಾಟರ್."

"ದಟ್ಸ್ ಮೀ," ಎಂದು ಹುಡುಗಿ ಕಿಸಕ್ಕೆಂದು ನಕ್ಕಳು. ತಬಸ್ಸುಮಳೂ ನಕ್ಕಳು.

"ವಾಟ್ ಡಸ್ ಶಿ ಲೈಕ್ ಟು ಈಟ್?"

"ಶಿ ಲೈಕ್ ಶಾವಿಗೆ ಖೀರ್."

ಕೌಸರ್ ಹುಬ್ಬು ಗಂಟಿಕ್ಕಿದಳು. "ನೋ, ಶಿ ಡಸಂಟ್. ಐ ಲೈಕ್ ಪಾಸ್ತಾ." ಮೊಂಡುತನವೇನಿಲ್ಲ, ತಪ್ಪು ಲೆಕ್ಕ ತಿದ್ದುವ ಹಾಗೆ ಹೇಳಿ ಮುಂದಿನ ಪ್ರಶ್ನೆಗೆ ಹೋದಳು. ಮಗಳಿಗೆ ಯಾವುದರ ಭಯ?

"ಶಿ ಅಫ್ರೇಡ್ ಡಾಗ್," ಎಂದಳು ತಬಸ್ಸುಮ್. ದನಿ ಸ್ವಲ್ಪ ಇಳಿದಿತ್ತು.

"ನೋ, ಅಮ್ಮಿ. ಐ ಲವ್ ಡಾಗ್ಸ್." ಪಕ್ಕದ ಮನೆಯ ನಾಯಿಯ ಹಗ್ಗ ಹಿಡಿದು ತಾನೇ ದಿನಾ ಪಾರ್ಕಿಗೆ ಕರೆದುಕೊಂಡು ಹೋಗುವುದಾಗಿ ಹೇಳಿದಳು. ತಬಸ್ಸುಮಳಿಗೆ ಅದರಲ್ಲಿ ಅರ್ಧ ತಿಳಿಯಿತು. ತಿಳಿದ ಅರ್ಧವೇ ಸಾಕಾಗಿತ್ತು.

ಇನ್ನೊಂದು ಉಳಿದಿತ್ತು. ಅದನ್ನು ಹೇಳದೆ ಬಿಟ್ಟುಬಿಡಬಹುದಿತ್ತು. ಆದರೆ ಮುಳುಗುವವಳು ಕೈಗೆ ಸಿಕ್ಕಿದ್ದನ್ನು ಬಿಡುತ್ತಾಳೆಯೇ? "ನೈಟ್ ಶಿ ಹೋಲ್ಡ್ ಮೈ ದುಪಟ್ಟಾ," ಎಂದಳು. "ದೆನ್ ಓನ್ಲಿ ಶಿ ಸ್ಲೀಪ್."

ಹುಡುಗಿ ಪರದೆಯ ಹತ್ತಿರಕ್ಕೆ ಬಾಗಿದಳು.

"ವಾಟ್ಸ್ ದುಪಟ್ಟಾ?"

ತಬಸ್ಸುಮ್ ಹೆಗಲ ಮೇಲಿದ್ದುದನ್ನು ಎತ್ತಿ ತೋರಿಸಿದಳು. ಅಂಥದ್ದೇ ಒಂದನ್ನು, ಹಳೆಯದನ್ನು, ಒಗೆಯದೆ ಮಗಳ ಚೀಲದಲ್ಲಿಟ್ಟು ಕಳಿಸಿದ್ದಳು.

"ಓಹ್. ನೋ. ಐ ಸ್ಲೀಪ್ ಬೈ ಮೈಸೆಲ್ಫ್ ನೌ. ಇನ್ ದ ಡಾರ್ಕ್," ಎಂದಳು ಕೌಸರ್ ಹೆಮ್ಮೆಯಿಂದ.

ತಬಸ್ಸುಮ್ ದುಪಟ್ಟಾವನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು. ಪಾರ್ಕು ಸುಳ್ಳು, ಇಡ್ಲಿ ಸುಳ್ಳು, ಅದಕ್ಕೆ ಅವಳೇನೂ ಮಾಡುವಂತಿರಲಿಲ್ಲ, ಅವು ಮೇಷ್ಟ್ರು ಕಟ್ಟಿಕೊಟ್ಟವು. ತನ್ನದು, ನಿಜ, ಎಂದು ಇದ್ದದ್ದು ಇವೇ ನಾಲ್ಕು ಮಾತು. ಮಂಗಳವಾರ ಇವನ್ನೇ ಹೇಳಿದರೆ ಆ ಹೆಂಗಸಿಗೆ ಏನು ಗೊತ್ತಾಗುತ್ತದೆ, ತಲೆಯಾಡಿಸಿ ಪಾಸು ಮಾಡಿಬಿಡುತ್ತಾಳೆ. ಗೊತ್ತಿರುವುದು ತನಗೊಬ್ಬಳಿಗೇ. ಇಲ್ಲದ ಮಗಳೊಬ್ಬಳ ತಾಯಿಯೆಂದು ಹೇಳಿಕೊಂಡು ವಿಮಾನ ಹತ್ತಬೇಕು.

ಆಚೆ ಕಾರಿನ ಹಾರನ್ ಕೇಳಿಸಿತು. ಕೌಸರ್ ಆ ಕಡೆ ನೋಡಿದಳು. ಹೊರಟುಬಿಡುತ್ತಾಳೆ ಎಂದು ತಬಸ್ಸುಮ್ ಡಬ್ಬಕ್ಕೆ ಒರಗಿದ್ದ ಫೋನನ್ನು ಕೈಗೆತ್ತಿಕೊಂಡಳು. ಇಷ್ಟು ದಿನ ಅವಳು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುವುದನ್ನಷ್ಟೇ ಕಲಿತಿದ್ದಳು. ತಾನಾಗಿ ಏನನ್ನೂ ಕೇಳಿರಲಿಲ್ಲ.

"ಕೌಸರ್," ಎಂದಳು. "ವೇಟ್. ಯೂ ಟೆಲ್ ಮಿ. ವಾಟ್ ಶಿ ಲೈಕ್? ಹೌ ಶಿ ಸ್ಲೀಪ್? ಯೂ ಟೆಲ್. ಐ ಲರ್ನ್."

ಹುಡುಗಿಗೆ ಆಟ ಹಿಡಿಸಿತು. ಕುರ್ಚಿಯ ಮೇಲೆ ಮಂಡಿಯೂರಿ, ಬೆರಳೆತ್ತಿ, "ರಿಪೀಟ್ ಆಫ್ಟರ್ ಮೀ, ಅಮ್ಮಿ," ಎಂದಳು.

ಹೊರಗೆ ಅಂಗಡಿಯಲ್ಲಿ ನಬೀ ಸಾಬರು ತಾಮ್ರದ ತಂತಿ ಸುತ್ತುತ್ತಿದ್ದವರು ಕೈ ನಿಲ್ಲಿಸಿದರು. ಪರಶುರಾಂಪುರದಿಂದ ಮೋಟರು ಒಯ್ಯಲು ಬಂದಿದ್ದ ತಿಪ್ಪೇರುದ್ರ, "ಯಾಕ್ ಸಾಬ್ರೇ, ನಿಲ್ಸಿಬಿಟ್ರಿ?" ಎಂದ.

"ಸ್ವಲ್ಪ ತಡಿಯಪ್ಪ, ಸದ್ದಾಗ್ತೈತೆ. ಮಗಳು ಪಾಠ ಒಪ್ಪಿಸ್ತಾ ಅವಳೆ."

ತಿಪ್ಪೇರುದ್ರನೂ ಕಿವಿಗೊಟ್ಟ. ಇಬ್ಬರಿಗೂ ಇಂಗ್ಲಿಷ್ ಬಾರದು. ಒಳಗಿನಿಂದ ಒಂದು ಎಳೆಯ ದನಿ ಫೋನಿನಲ್ಲಿ ಒಂದೊಂದೇ ಮಾತು ಹೇಳುತ್ತಿತ್ತು, ತಬಸ್ಸುಮಳ ದನಿ ಅದರ ಹಿಂದೆಯೇ ಎಲ್ಲಿಯೂ ತಡವರಿಸದೆ ಹೋಗುತ್ತಿತ್ತು.

"ಶಿ ಲೈಕ್ಸ್ ಪಾಸ್ತಾ. ಶಿ ಲವ್ಸ್ ಡಾಗ್ಸ್. ಶಿ ಸ್ಲೀಪ್ಸ್ ಬೈ ಹರ್‌ಸೆಲ್ಫ್."

"ಈ ಸಲ ಪಾಸಾಗ್ತಾಳೆ," ಎಂದರು ನಬೀ ಸಾಬರು. ಸುತ್ತಿದ ತಂತಿ ಬಿಚ್ಚಿಹೋಗದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಕಿವಿಯನ್ನು ಒಳಬಾಗಿಲಿನ ಕಡೆಗೇ ಇಟ್ಟುಕೊಂಡು ಕೂತರು.

"ಶಿ ಸ್ಲೀಪ್ಸ್ ಬೈ ಹರ್‌ಸೆಲ್ಫ್," ಎಂದು ತಬಸ್ಸುಮ್ ಮತ್ತೊಮ್ಮೆ ಹೇಳಿದಳು, ಇನ್ನೂ ಸ್ಪಷ್ಟವಾಗಿ.